ಒಂದೇ ಸೀಟಿಗೆ ಎರಡು ಟವೆಲ್

ಮೊನ್ನೆ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಾಗ ಮನೆಯ ಹಳೆಯ ನೀಲಿ ಗೆರೆಯ ಟವೆಲ್ ಕೈಗೆ ಬಂತು. ಒಬ್ಬಳೇ ನಕ್ಕೆ. ನಮ್ಮ ಕಡೆ ಟವೆಲ್ಲಿಗೆ ಮೈ ಒರೆಸುವುದು ಎರಡನೆಯ ಕೆಲಸ, ಮೊದಲನೆಯದು ಬಸ್ಸಿನಲ್ಲಿ ಸೀಟು ಹಿಡಿಯುವುದು. ಹೊಸಪೇಟೆ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಬಸ್ಸು ಇನ್ನೂ ಹಿಂದೆ ಮುಂದೆ ಆಡುತ್ತಾ ತನ್ನ ಜಾಗಕ್ಕೆ ಸರಿಯುತ್ತಿರುವಾಗಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಕೈಚೀಲ, ತೀರಾ ಗತಿಯಿಲ್ಲದಿದ್ದರೆ ಒಂಟಿ ಚಪ್ಪಲಿ ಒಳಗೆ ಬೀಳುತ್ತವೆ. ಹಾಗೆ ಬಿದ್ದ ವಸ್ತುವಿಗೆ ಒಂದು ಮರ್ಯಾದೆಯಿದೆ. ಒಡೆಯ ಯಾರೆಂದು ಗೊತ್ತಿಲ್ಲದಿದ್ದರೂ, "ಯಾರೋ ಹಾಕ್ಯಾರ" ಎಂದು ಜನ ಮುಂದಕ್ಕೆ ಹೋಗುತ್ತಾರೆ. ದೊಡ್ಡ ದೊಡ್ಡ ಕಾಯಿದೆಗಳನ್ನೇ ಲೆಕ್ಕಕ್ಕಿಡದವರು ಈ ಒಂದು ಕಾಯಿದೆಗೆ ತಲೆಬಾಗುವುದು ನನಗೆ ಯಾವಾಗಲೂ ಸೋಜಿಗ.

ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಟವೆಲ್ಲಿನ ಕೆಲಸ ಮಾಡುತ್ತಿದ್ದವಳು ನಾನೇ. ಅಪ್ಪ ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿದ್ದರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಬಿಳಿ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗಿ, ಇಟ್ಟಿಗೆ ಬಣ್ಣದ ಯೂನಿಫಾರ್ಮಿನಲ್ಲಿ ವಾಪಸಾಗುವ ಊರು ಅದು. ಅಲ್ಲಿನ ಮಕ್ಕಳ ಕಿವಿ ತೊಳೆದರೂ ಅದಿರು ಸಿಗುತ್ತದೆ ಎಂದು ಅಮ್ಮ ಬೈಯುತ್ತಿದ್ದಳು. ಅಮ್ಮನ ತವರು ಕಮಲಾಪುರ. ರಜೆ ಬಂತೆಂದರೆ ಸಂಡೂರಿಗೆ ಬಂದು, ಅಲ್ಲಿಂದ ಹೊಸಪೇಟೆ ಬಸ್ಸು ಹಿಡಿಯಬೇಕು. ಬಸ್ಸು ಬಂದ ಕೂಡಲೇ ಅಪ್ಪ ನನ್ನನ್ನು ಎತ್ತಿ ಕಿಟಕಿಯಿಂದ ಒಳಕ್ಕೆ ತಳ್ಳುತ್ತಿದ್ದರು. ನಾನು ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಯಾರು ಬಂದು ಏನು ಕೇಳಿದರೂ "ನಮ್ಮವ್ವ ಬರ್ತಾಳ" ಎಂದು ಅರಚಬೇಕು. ಬೆಳೆದು ಕಿಟಕಿಯಲ್ಲಿ ಹಿಡಿಸದಷ್ಟು ಆದ ಮೇಲೆ ಆ ಹುದ್ದೆ ನಿಜವಾದ ಟವೆಲ್ಲಿಗೆ ಹೋಯಿತು. ಆ ದಿನ ನನಗೆ ಸಣ್ಣಗೆ ಬೇಜಾರಾಗಿತ್ತು.

ಅಪ್ಪನಿಗೆ ಇನ್ನೊಂದು ಅಭ್ಯಾಸ. ಮನೆಯಲ್ಲಿ ಯಾವುದೇ ಸಾಮಾನು ಒಂದೇ ಇರಬಾರದು. ಟಾರ್ಚು ಎರಡು, ಕೊಡೆ ಎರಡು, ಬಾಗಿಲಿಗೆ ಬೀಗ ಎರಡು. ಒಂದು ಕತ್ತರಿ ಕೇಳಿದರೆ ಎರಡು ತಂದು ಮುಂದಿಡುತ್ತಿದ್ದರು. ಗಣಿಯಲ್ಲಿ ಸ್ಪೇರ್ ಇಲ್ಲದೆ ಯಂತ್ರ ನಿಂತರೆ ಏನಾಗುತ್ತದೆಂದು ನೋಡಿದ ಮನುಷ್ಯ. "ಇರ್ಲಿ ಬಿಡವ್ವ, ಇನ್ನೊಂದು ಏನು ಅನ್ನ ಕೇಳತೈತೇನು?" ಎನ್ನುತ್ತಿದ್ದರು. ಅವರ ಮೂಗು, ಅವರ ಗಿಡ್ಡ ಕುತ್ತಿಗೆಯ ಜೊತೆ ಈ ಗುಣವೂ ನನಗೆ ಬಂದಿದೆ. ಹೊಸಪೇಟೆಯ ನಮ್ಮ ಅಡುಗೆಮನೆಯಲ್ಲಿ ಎರಡು ಲಟ್ಟಣಿಗೆಗಳಿವೆ. ಲಟ್ಟಿಸುವ ಕೈ ಮಾತ್ರ ನನ್ನದೊಂದೇ ಜೊತೆ.

ಹೊಸಪೇಟೆಯಲ್ಲಿ ನಾನು ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬಿಡುವಿನಲ್ಲಿ ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟು ಮಾಡಿಕೊಡುತ್ತೇನೆ. ಕಮಲಾಪುರದಲ್ಲಿ ನನ್ನ ಚಿಕ್ಕವ್ವ ಇದ್ದಾಳೆ, ಅಮ್ಮನ ತಂಗಿ, ನೀಲವ್ವ. ಗದ್ದೆಯ ನಾಟಿಗೆ ಹೋಗಿ ಹೋಗಿ ಅವಳ ಮೊಣಕಾಲು ಸವೆದಿವೆ. ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಂತು ಬಂದ ರಾತ್ರಿ ಅವಳು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಆದರೆ ಕೂತು ಮಾಡುವ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಬಡಿದ ಜೋಳದ ರೊಟ್ಟಿ ಕಾಗದದಷ್ಟು ತೆಳ್ಳಗಿರುತ್ತದೆ. ಹೀಗಿರುವಾಗ, ಹಂಪಿ ನೋಡಲು ಬರುವವರಿಗಾಗಿ ಕಮಲಾಪುರದ ಅಂಚಿನಲ್ಲಿ ಲಾಡ್ಜು ನಡೆಸುವ ರಾಜೇಶ್ವರಿ ಎಂಬವರು ದಿನಾ ರೊಟ್ಟಿ, ಚಟ್ನಿಪುಡಿ ಕೊಡುವವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂತು. ಅವರ ಷರತ್ತು ಒಂದೇ. ಯಾರು ಮಾಡುತ್ತಾರೆ, ಏನೇನು ಮಾಡುತ್ತಾರೆ ಎಂಬುದು ಅತಿಥಿಗಳಿಗೆ ಫೋನಿನಲ್ಲಿ ಕಾಣಬೇಕು, ಆರ್ಡರೂ ಅಲ್ಲೇ ಹಾಕುವಂತಿರಬೇಕು. ಬೇರೆ ಯಾರೋ ಕೂಡ ರೊಟ್ಟಿ ಕೊಡುತ್ತೇವೆಂದು ಅವರಿಗೆ ಹೇಳಿಕಳಿಸಿದ್ದರು.

ಚಿಕ್ಕವ್ವ ಫೋನು ಮಾಡಿ, "ಸುಮಿ, ಅದೇನೋ ಪೇಜು ಅಂತ. ಮಾಡಿಕೊಡ್ತೀಯೇನವ್ವಾ?" ಎಂದಳು. ಅವಳು ನನ್ನನ್ನು ಇದುವರೆಗೆ ಏನನ್ನೂ ಕೇಳಿದವಳಲ್ಲ. ನಾನು ಎರಡು ಮಾತಾಡದೆ ಒಪ್ಪಿದೆ.

ಮಧ್ಯಾಹ್ನಗಳಲ್ಲಿ ಹೋಗಿ ಅವಳ ಒಲೆಯ ಮುಂದೆ ಕೂತು ಎಲ್ಲವನ್ನೂ ಅವಳ ಬಾಯಲ್ಲೇ ಹೇಳಿಸಿ ಲ್ಯಾಪ್‌ಟಾಪಿಗೆ ಸೇರಿಸಿದೆ. ಜೋಳ ಯಾವ ಹದಕ್ಕೆ ಬೀಸಬೇಕು, ಗುರೆಳ್ಳು ಎಷ್ಟು ಹುರಿದರೆ ಕಹಿಯಾಗುವುದಿಲ್ಲ, ಕುದಿನೀರು ಯಾವಾಗ ಹಿಟ್ಟಿಗೆ ಬೀಳಬೇಕು. ಅವಳ ಪಕ್ಕದ ಮನೆಯವರೂ ಬಂದು ತಮ್ಮ ತಮ್ಮ ಶೇಂಗಾ ಚಟ್ನಿಯ ಗುಟ್ಟು ಅರ್ಧ ಹೇಳಿ ಅರ್ಧ ಮುಚ್ಚಿಟ್ಟುಕೊಂಡರು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ವೆಬ್‌ಸೈಟನ್ನು ಲೋಕಕ್ಕೆಲ್ಲ ಕಾಣುವಂತೆ ಏರಿಸುವ ಮೊದಲು ನಾವು ನಮ್ಮದೇ ಲ್ಯಾಪ್‌ಟಾಪಿನಲ್ಲಿ ಕಟ್ಟಿ ನೋಡುತ್ತೇವೆ. ಕಣ್ಣಿಗೆ ಕಾಣುವ ಪುಟ ಬರೀ ಪಡಸಾಲೆ. ಹೆಸರು, ಮಾತು, ಆರ್ಡರು ಎಲ್ಲ ಇರುವುದು ಡೇಟಾಬೇಸ್ ಎಂಬ ಒಳಕೋಣೆಯಲ್ಲಿ. ಯಾರಾದರೂ ಪುಟ ತೆರೆದರೆ ಅದು ಒಳಗೆ ಹೋಗಿ, ಹೆಸರು ಮತ್ತು ಪಾಸ್‌ವರ್ಡು ಹೇಳಿ, ಬೇಕಾದ್ದನ್ನು ಕೇಳಿ ತರುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರಲ್ಲಿ ನಡೆಯುತ್ತದೆ, ನಡೆದರೆ.

ರಾಜೇಶ್ವರಿಯವರು ಮಧ್ಯಾಹ್ನ ಬಂದು ನೋಡುವುದಾಗಿ ಹೇಳಿದ್ದ ದಿನ ಬೆಳಿಗ್ಗೆ, ಕೊನೆಯದಾಗಿ ಒಮ್ಮೆ ನೋಡಿಬಿಡೋಣವೆಂದು ಪುಟ ತೆರೆದೆ. ರೊಟ್ಟಿ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದು ಸಾಲು ನಿಂತಿತ್ತು. ಡೇಟಾಬೇಸಿಗೆ ಪ್ರವೇಶವಿಲ್ಲ ಎಂದು ಅದರ ಅರ್ಥ. ಪ್ರವೇಶ ಕೇಳುತ್ತಿರುವುದು ನನ್ನ ಲ್ಯಾಪ್‌ಟಾಪು, ಇಲ್ಲವೆನ್ನುತ್ತಿರುವುದೂ ನನ್ನ ಲ್ಯಾಪ್‌ಟಾಪು. ನನ್ನ ಮೇಜಿನ ಮೇಲೆ, ನಾನು ಕಟ್ಟಿದ ಕರೆಂಟ್ ಬಿಲ್ಲಿನಲ್ಲಿ ಕೂತು, ನನ್ನನ್ನೇ ನೀವ್ಯಾರು ಅನ್ನುತ್ತಿದೆ.

ಪಾಸ್‌ವರ್ಡು ತಪ್ಪಿರಬೇಕೆಂದು ನೆನಪಿರುವುದನ್ನೆಲ್ಲ ಹಾಕಿದೆ. ದೊಡ್ಡಕ್ಷರ, ಸಣ್ಣಕ್ಷರ, ಹಿಂದೆ ಒಂದು ಚುಕ್ಕಿ, ಮುಂದೆ ಒಂದು ಚುಕ್ಕಿ. ತರಗತಿಯಲ್ಲಿ ಹುಡುಗಿಯರಿಗೆ "ಗಾಬರಿಯಾಗದೆ ಎರರ್ ಸಾಲನ್ನು ನಿಧಾನವಾಗಿ ಓದಿ" ಎಂದು ಪಾಠ ಹೇಳುವ ನಾನು, ಒಂದು ಸಾಲನ್ನೂ ಪೂರ್ತಿ ಓದದೆ ಕೀಲಿಮಣೆ ಕುಟ್ಟುತ್ತಿದ್ದೆ. ಕೊನೆಗೆ ಬೇಸತ್ತು ಪಾಸ್‌ವರ್ಡಿನ ಜಾಗ ಖಾಲಿ ಬಿಟ್ಟು ಒತ್ತಿದೆ. ಬಾಗಿಲು ತೆರೆಯಿತು!

ಆ ಸಂತೋಷಕ್ಕೆ ಎದ್ದು ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಷ್ಟರಲ್ಲಿ ಬಂದು ಪುಟ ನೋಡಿದರೆ ಈಗ ಬೇರೆಯೇ ಸಾಲು. ಅಂಥ ಡೇಟಾಬೇಸೇ ಇಲ್ಲ ಎನ್ನುತ್ತಿದೆ. ಒಳಗೆ ಹೋಗಿ ಇಣುಕಿದೆ. ಹೊಸ ಬಾಡಿಗೆ ಮನೆಯ ಹಾಗೆ ಎಲ್ಲ ಖಾಲಿ. ಚಿಕ್ಕವ್ವ ಇಲ್ಲ, ಗುರೆಳ್ಳು ಇಲ್ಲ, ಪಕ್ಕದ ಮನೆಯವರ ಅರ್ಧ ಗುಟ್ಟೂ ಇಲ್ಲ. ಬ್ಯಾಕಪ್ ಇಟ್ಟಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇಟ್ಟಿದ್ದೆ ಸ್ವಾಮಿ. ಅಪ್ಪನ ಮಗಳಲ್ಲವೇ, ಎಲ್ಲದಕ್ಕೂ ಎರಡನೆಯ ಪ್ರತಿ ಮಾಡಿದ್ದೆ. ಅದನ್ನು ಮೊದಲನೆಯದರ ಪಕ್ಕದಲ್ಲೇ, ಅದೇ ಒಳಕೋಣೆಯಲ್ಲಿ ಇಟ್ಟಿದ್ದೆ. ಕೊಡೆಯ ಜೊತೆ ಕೊಡೆ ಕಟ್ಟಿಟ್ಟು ಎರಡನ್ನೂ ಒಟ್ಟಿಗೆ ಕಳೆದುಕೊಂಡ ಹಾಗೆ.

ಅಷ್ಟರಲ್ಲಿ ಚಿಕ್ಕವ್ವನ ಫೋನು.

"ಸುಮಿ, ಹೊಂಟೀಯೇನವ್ವಾ? ಆ ಮೇಡಂ ಬರ್ತೀನಂತ ಮತ್ತ ಹೇಳಿ ಕಳಿಸ್ಯಾರ. ನಾ ಇವತ್ತು ನಾಟಿಗೆ ಹೋಗಿಲ್ಲ, ಮೈಯಾಗ ಆರಾಮಿಲ್ಲಂತ ಸುಳ್ಳು ಹೇಳೀನಿ. ಇದೊಂದು ಆತಂದ್ರ ಸಾಕು ನೋಡು, ಇನ್ನ ಮ್ಯಾಲೆ ಗದ್ದಿಗೆ ಇಳಿಯಂಗಿಲ್ಲ."

"ಆಗ್ಲಿಲ್ಲಂದ್ರ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ಆಗ್ಲಿಲ್ಲಂದ್ರ ಏನು, ಇದ್ದೇ ಐತಲ್ಲ, ಬಗ್ಗೋದು. ಯಾಕ, ಹಿಂಗ್ಯಾಕ ಕೇಳ್ತಿ?"

"ಏನಿಲ್ಲ, ಬರ್ತೀನಿ" ಎಂದು ಫೋನಿಟ್ಟೆ. ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ. ಹೊತ್ತು ಏರುತ್ತಿತ್ತು. ಫೋನಿನಲ್ಲಿ ಹೇಳುವ ಧೈರ್ಯವಾಗದೆ, ಹೋಗಿ ಎದುರಿಗೇ ಹೇಳಿಬಿಡುವುದೆಂದು ಲ್ಯಾಪ್‌ಟಾಪು ಚೀಲಕ್ಕೆ ತುರುಕಿ ಬಸ್ ನಿಲ್ದಾಣಕ್ಕೆ ಬಂದೆ. ನಿಜ ಹೇಳಬೇಕೆಂದರೆ ಅಳು ಬರುತ್ತಿತ್ತು.

ಕಂಪ್ಲಿ ಬಸ್ಸು ಬಂತು. ಅದು ಕಮಲಾಪುರದ ಮೇಲೆಯೇ ಹೋಗುವುದು. ಸರ್ಕಾರ ಟಿಕೆಟ್ಟು ಪುಕ್ಕಟೆ ಮಾಡಿದ ಮೇಲೆ ನಮ್ಮ ಹೆಂಗಸರು ಬಸ್ಸು ಹತ್ತುವುದರಲ್ಲಿ ಗಂಡಸರನ್ನು ಯಾವತ್ತೋ ಹಿಂದೆ ಹಾಕಿದ್ದಾರೆ. ನಾನೂ ಮೊಣಕೈ ಉಪಯೋಗಿಸಿ ಹತ್ತಿದೆ. ನಡುವಿನ ಒಂದು ಸೀಟಿನ ಮುಂದೆ ಆಗಲೇ ಜಗಳ ಶುರುವಾಗಿತ್ತು. ಬಿಳಿ ಅಂಗಿಯ ಹಿರಿಯರೊಬ್ಬರು ಸೀಟಿನ ಮೇಲಿದ್ದ ಹಳದಿ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇಡೀ ಬಸ್ಸಿಗೆ ತೋರಿಸುತ್ತಿದ್ದರು. ಅದರ ಕೆಳಗೆ ಅವರದೇ ಒಂದು ಬಿಳಿ ಟವೆಲ್ ಇತ್ತು.

"ಯಾರ್ದಿದು? ನಾ ಕಿಟಕ್ಯಾಗಿಂದ ಮುಂಚೆ ಹಾಕೀನಿ. ನನ್ನ ಟವೆಲ್ ಮ್ಯಾಲೆ ಟವೆಲ್ ಹಾಕೋದು ಅಂದ್ರ ಏನು? ಒಂದು ನ್ಯಾಯ ಬ್ಯಾಡೇನು?"

ಎಲ್ಲರೂ ತಮ್ಮ ತಮ್ಮ ಟವೆಲ್ ತಡವಿ ನೋಡಿಕೊಂಡರು. ಹಿರಿಯರು ಇನ್ನಷ್ಟು ಕೆರಳಿದರು. "ಹಾಕಿದೋರು ಮುಂದ ಬರ್ರಿ. ಇಲ್ಲಂದ್ರ ಹೊರಗ ಒಗಿತೀನಿ ನೋಡ್ರಿ!" ಎಂದು ಕಿಟಕಿಯ ಕಡೆ ಕೈ ಚಾಚಿದರು. ವಿಚಿತ್ರವೆಂದರೆ ಜಗಳ ಮುಗಿಯುವವರೆಗೆ ಆ ಸೀಟಿನಲ್ಲಿ ಅವರೂ ಕೂರಲಿಲ್ಲ.

ಹಿಂದಿನಿಂದ ಜನರನ್ನು ಸರಿಸುತ್ತಾ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದಳು. "ಅಯ್ಯ, ಒಗಿಬ್ಯಾಡ್ರೀ! ಅದು ನಮ್ದ. ಮೊನ್ನೆ ಕಂಪ್ಲಿ ಸಂತ್ಯಾಗ ತಗೊಂಡಿದ್ದೆ."

"ನಮ್ದು ಅಂದ್ರ?"

"ನಿಮಗ ಸಿಗತೈತೋ ಇಲ್ಲೋ ಅಂತ ನಾ ಈ ಬಾಗ್ಲಾಗಿಂದ ಬಂದು ಇನ್ನೊಂದು ಹಾಕಿ, ಹಿಂದ ಎರಡನೇ ಸೀಟು ನೋಡಾಕ ಹೋಗಿದ್ದೆ. ಕೆಳಗ ನಿಮ್ದು ಇತ್ತೇನು? ನಾ ಎಲ್ಲಿ ನೋಡ್ಲಿ ಆ ಗದ್ದಲದಾಗ."

ಅವಳು ಅವರ ಹೆಂಡತಿ. ಬಸ್ಸಿಗೆ ಬಸ್ಸೇ ನಕ್ಕಿತು. ಹಿರಿಯರು ಹಳದಿ ಟವೆಲ್ಲನ್ನು ಮಡಚಿ ಮಡಚಿ ಸಣ್ಣದು ಮಾಡಿ ಜೇಬಿಗೆ ಸೇರಿಸಲು ನೋಡಿದರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು.

ಯಾಕೆಂದರೆ ಕೆಲವು ದಿನಗಳ ಹಿಂದೆ ನಾನೂ ಅದನ್ನೇ ಮಾಡಿದ್ದೆ. ಪುಟ ಸ್ವಲ್ಪ ನಿಧಾನವಾಗಿತ್ತು. ಯಾವುದೋ ವಿಡಿಯೋದಲ್ಲಿ ಒಬ್ಬ, ಎಲ್ಲ ಸಾಮಾನೂ ಒಟ್ಟಿಗೆ ಬರುವ ಒಂದು ಕಿಟ್ ಹಾಕಿಕೊಳ್ಳಿ ಎಂದಿದ್ದ. ಅದರೊಳಗೆ ಇನ್ನೊಂದು ಡೇಟಾಬೇಸೂ ಇತ್ತು. ಹಳೆಯದನ್ನು ತೆಗೆಯದೆ, "ಇರ್ಲಿ ಬಿಡು, ಒಂದು ಸ್ಪೇರ್" ಎಂದು ಹಾಕಿಕೊಂಡಿದ್ದೆ. ಹಾಕಿಕೊಂಡು ಮರೆತೂ ಬಿಟ್ಟಿದ್ದೆ. ಡೇಟಾಬೇಸು ಕೂರುವುದಕ್ಕೆ ಲ್ಯಾಪ್‌ಟಾಪಿನಲ್ಲಿ ಒಂದು ನಂಬರಿನ ಜಾಗವಿರುತ್ತದೆ, ಪೋರ್ಟ್ ಅನ್ನುತ್ತೇವೆ. ಹಿಂದಿನ ರಾತ್ರಿ ಲ್ಯಾಪ್‌ಟಾಪು ಅಪ್‌ಡೇಟ್ ನೆಪದಲ್ಲಿ ತಾನೇ ಆರಿ ತಾನೇ ಹೊತ್ತಿಕೊಂಡಿತ್ತು. ಹೊತ್ತಿಕೊಳ್ಳುವ ಗದ್ದಲದಲ್ಲಿ ಹೊಸದು ಮೊದಲು ಓಡಿ ಬಂದು ಆ ಜಾಗದಲ್ಲಿ ಕೂತಿರಬೇಕು. ಹಳೆಯದು ಜಾಗವಿಲ್ಲದೆ ಏಳಲೇ ಇಲ್ಲ. ನಾನು ಬೆಳಗಿನಿಂದ ಪಾಸ್‌ವರ್ಡು ಹೇಳುತ್ತಾ ಗೋಗರೆದದ್ದು ಹೊಸದರ ಮುಂದೆ. ಅದಕ್ಕೆ ಪಾಸ್‌ವರ್ಡೇ ಇಲ್ಲ, ಚಿಕ್ಕವ್ವ ಗೊತ್ತಿಲ್ಲ, ರೊಟ್ಟಿ ಗೊತ್ತಿಲ್ಲ. ಇಲ್ಲ ಎನ್ನದೆ ಪಾಪ ಇನ್ನೇನು ಹೇಳೀತು!

ಇದೆಲ್ಲ ಊಹೆ. ನಿಜವೋ ಅಲ್ಲವೋ ನೋಡಬೇಕು. ಆ ದಂಪತಿಯ ಹಿಂದಿನ ಸೀಟಿನಲ್ಲಿ ಒಬ್ಬರನ್ನು ಒತ್ತರಿಸಿ ಅರ್ಧ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದೆ. ಕಂಡಕ್ಟರು ಬಂದು, "ಆಧಾರ್ ಕಾರ್ಡ್ ತೋರಿಸ್ರಿ ಅಕ್ಕಾರ. ಆಫೀಸ್ ಇಲ್ಲೇ ತೆಗ್ದ್ರೇನು?" ಎಂದ. ಒಂದು ಕೈಯಲ್ಲಿ ಕಾರ್ಡು ತೋರಿಸುತ್ತಾ ಇನ್ನೊಂದು ಕೈಯಲ್ಲಿ ಪಟ್ಟಿ ತೆರೆದೆ. ಲ್ಯಾಪ್‌ಟಾಪಿನೊಳಗೆ ಯಾವ್ಯಾವುದು ಎಚ್ಚರವಾಗಿದೆ, ಯಾವುದು ಮಲಗಿದೆ ಎಂದು ಅದರಲ್ಲಿ ಕಾಣುತ್ತದೆ. ಬಸ್ಸು ಮಲಪನಗುಡಿಯ ಹತ್ತಿರ ಕುಲುಕುತ್ತಿತ್ತು, ಅಕ್ಷರಗಳು ಕುಣಿಯುತ್ತಿದ್ದವು. ಆದರೂ ಕಂಡಿತು. ಒಂದೇ ಕುಲದ ಎರಡು ಹೆಸರು. ಒಂದು ಓಡುತ್ತಿದೆ, ಇನ್ನೊಂದು ನಿಂತಿದೆ. ನಿಂತಿರುವುದು ನನ್ನದು.

ಹೊಸದನ್ನು ನಿಲ್ಲಿಸಿದೆ. ಮತ್ತೆ ತಾನಾಗಿ ಏಳದ ಹಾಗೆ ಮಾಡಿದೆ. ಹಳೆಯದನ್ನು ಎಬ್ಬಿಸಿದೆ. ಬೆಳಗಿನಿಂದ ಕೆಡಿಸಿದ್ದ ಪಾಸ್‌ವರ್ಡನ್ನು ಮೊದಲಿನಂತೆ ಸರಿಮಾಡಿ, ಕಣ್ಣು ಮುಚ್ಚಿಕೊಂಡು ಪುಟ ತೆರೆದೆ. ಕಣ್ಣು ಬಿಟ್ಟಾಗ ಚಿಕ್ಕವ್ವ ಕಾಣಿಸಿದಳು. ಒಲೆಯ ಮುಂದೆ ಕೂತು, ಹೊಗೆಗೆ ಅರ್ಧ ಕಣ್ಣು ಮುಚ್ಚಿ, ಹಣೆಗೆ ಹಿಟ್ಟು ಮೆತ್ತಿಕೊಂಡಿರುವ ಚಿಕ್ಕವ್ವ. ಕೆಳಗೆ ಅವಳ ಮಾತು, ಅವಳ ಗುರೆಳ್ಳು, ಎಲ್ಲವೂ ಇಟ್ಟ ಹಾಗೆಯೇ ಇದ್ದವು. ಹೋದ ಜೀವ ಬಂದಂತಾಯಿತು. ತಡೆಯಲಾಗದೆ ಬಸ್ಸಿನಲ್ಲೇ ಅತ್ತುಬಿಟ್ಟೆ.

ಪಕ್ಕದಲ್ಲಿದ್ದ ಹೆಂಗಸು ಬಗ್ಗಿ ಫೋಟೋ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದಳು. "ಯಾರ್ರೀ ಅವ್ರು?"

"ನಮ್ಮ ಚಿಕ್ಕವ್ವ."

"ಅಯ್ಯೋ ಶಿವನ! ಯಾವಾಗ ಹೋದ್ರು?"

"ಹೋಗಿಲ್ರೀ," ಎಂದೆ ಮೂಗೊರೆಸಿಕೊಳ್ಳುತ್ತಾ. "ಈಗ ಸಿಕ್ಕರು."

ಆಕೆ ಅರ್ಥವಾಗದಿದ್ದರೂ ನನ್ನ ಬೆನ್ನು ಸವರಿದಳು. ನಮ್ಮ ಬಸ್ಸುಗಳಲ್ಲಿ ಅಳುವವರಿಗೆ ಕಾರಣ ಹೇಳುವ ಕಷ್ಟವಿಲ್ಲ. ಬಾಳೆತೋಟಗಳು ಹಿಂದಕ್ಕೆ ಓಡುತ್ತಿದ್ದವು, ಕಿಟಕಿಯಿಂದ ಬರುವ ಗಾಳಿಯಲ್ಲಿ ಕಬ್ಬಿನ ವಾಸನೆಯಿತ್ತು. ದಿನಾ ನೋಡುವ ದಾರಿ ಅದು. ಅವತ್ತು ಮಾತ್ರ ಭಾರಿ ಚೆಂದ ಕಂಡಿತು. ಪೆನ್‌ಡ್ರೈವು ತೆಗೆದು ಎಲ್ಲವನ್ನೂ ಅಲ್ಲಿಯೇ ನಕಲು ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡೆ.

ಚಿಕ್ಕವ್ವ ಬಾಗಿಲಲ್ಲೇ ನಿಂತಿದ್ದಳು. "ಯಾಕವ್ವಾ, ಕಣ್ಣು ಹಿಂಗ ಕೆಂಪಗಾಗ್ಯಾವು?"

"ಗಾಳಿ" ಎಂದೆ. ಬೆಳಗಿನ ಕಥೆಯನ್ನು ಅವಳಿಗೆ ಯಾಕೆ ಹೇಳಲಿ? ಅವಳು ಮಡಿ ಸೀರೆ ಉಟ್ಟು, ಹಸಿ ಕೂದಲಿಗೆ ಗಂಟು ಹಾಕಿ, ಹಿಟ್ಟು ಜರಡಿ ಹಿಡಿದು ಸಿದ್ಧವಾಗಿದ್ದಳು. ಜರಡಿ ಹಿಡಿದ ಹಿಟ್ಟನ್ನೇ ಮತ್ತೊಮ್ಮೆ ಜರಡಿಗೆ ಸುರಿದಳು. ಅವಳ ಗಾಬರಿ ಅವಳಿಗೆ ಸಾಕು, ನನ್ನದು ಬೇರೆ ಬೇಡ ಅನ್ನಿಸಿತು.

ರಾಜೇಶ್ವರಿಯವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. "ಬರ್ರಿ ಮೇಡಂ, ಕುಂದ್ರಿ" ಎಂದು ಚಿಕ್ಕವ್ವ ಚಾಪೆ ಹಾಸಿದಳು. ಅವರು ಮಾತು ಕಡಿಮೆಯ ಹೆಂಗಸು. ಪುಟವನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕುದಿನೀರಿನ ಸಾಲಿಗೆ ಬಂದಾಗ ಒಮ್ಮೆ ತಲೆಯೆತ್ತಿ ಚಿಕ್ಕವ್ವನನ್ನು ನೋಡಿದರು. ಆಮೇಲೆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, "ಆರ್ಡರ್ ಎಲ್ಲಿ ಹಾಕೋದು ತೋರಿಸ್ರಿ" ಎಂದರು. ತೋರಿಸಿದೆ. ಮರುದಿನದಿಂದ ದಿನಾ ಬೇಕೆಂದು ತಾವೇ ಒತ್ತಿದರು. ಒತ್ತಿದ್ದು ಒಳಗೆ ಹೋಗಿ ಕೂತಿತೋ ಇಲ್ಲವೋ ಎಂದು ನಾನು ಕಳ್ಳಿಯ ಹಾಗೆ ಪಕ್ಕಕ್ಕೆ ತಿರುಗಿ ನೋಡಿದೆ. ಕೂತಿತ್ತು. "ಎಲ್ಲರಿಗೂ ಕಾಣೋ ಹಂಗ ಈ ವಾರದಾಗ ಏರಿಸಿಬಿಡ್ರಿ" ಎಂದು ನನಗೆ ಹೇಳಿ, ಇನ್ನೊಂದು ರೊಟ್ಟಿ ಕಾಗದದಲ್ಲಿ ಸುತ್ತಿಸಿಕೊಂಡು ಹೊರಟರು.

ಅವರು ಓಣಿ ದಾಟುವವರೆಗೆ ಚಿಕ್ಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ, "ಆತೇನು?" ಎಂದಳು. "ಆತು" ಎಂದೆ. "ಖರೇನ?" ಎಂದಳು. "ಖರೇನ" ಎಂದೆ. ಅವಳು ಒಳಗೆ ಹೋಗಿ ಹೊಸ ಹಿಟ್ಟಿಗೆ ನೀರಿಟ್ಟಳು. ನಾನು ಚಾಪೆಯ ಮೇಲೆ ಹಾಗೆಯೇ ಅಡ್ಡಾಗಿ ನಿದ್ದೆ ಹೋದೆ.

ಎಚ್ಚರವಾದಾಗ ಸಂಜೆ. ನಾಟಿಗೆ ಹೆಣ್ಣಾಳು ಕೂಡಿಸುವ ಹುಲಿಗೆವ್ವ ಮನೆ ಮನೆಗೆ ಕೂಗುತ್ತಾ ಓಣಿಯಲ್ಲಿ ಬರುತ್ತಿದ್ದಳು.

"ನೀಲವ್ವಾ, ನಾಳೆ ಕಾಲುವಿ ಕೆಳಗಿನ ಗದ್ದಿ. ಜಲ್ದಿ ಬಾ, ಟಂಟಂ ಗಾಡಿ ನಿಲ್ಲಂಗಿಲ್ಲ."

ಚಿಕ್ಕವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ನಾ ಬರಂಗಿಲ್ಲ."

"ಯಾಕ, ಇನ್ನೂ ಮೈಯಾಗ ಆರಾಮಿಲ್ಲೇನು?"

"ಆರಾಮದೀನಿ."

"ಮತ್ತ? ಮೊಣಕಾಲು ಹಿಡ್ಕಂತೇನು?"

"ಮೊಣಕಾಲಿಗೇನೂ ಆಗಿಲ್ಲ. ಬರಂಗಿಲ್ಲ, ಅಷ್ಟ."

ಹುಲಿಗೆವ್ವ ಒಂದು ಗಳಿಗೆ ನಿಂತಳು. ಕಾರಣ ಬರುತ್ತದೆಂದು ಕಾದಳು. ಬರಲಿಲ್ಲ. ಮುಂದಿನ ಮನೆಗೆ ಹೋದಳು. ಜ್ವರ, ತಲೆನೋವು, ಸತ್ತ ನೆಂಟರು, ಯಾವ ನೆಪವನ್ನೂ ಹೇಳದೆ ಚಿಕ್ಕವ್ವ ಗದ್ದೆಗೆ ಒಲ್ಲೆ ಅಂದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.